ಹತ್ತನೇ ಗುರುತು

ಒಂಬತ್ತಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಅನಂತರಾಮಯ್ಯನವರು ನಿಲ್ಲಿಸಿಯೂ ಇದ್ದರು. ಆದರೆ ಬೆಂಗಳೂರಿನ ‘ಲೋಕದುಂದುಭಿ’ ಪತ್ರಿಕೆಯ ಸಂಪಾದಕರಿಗೆ ಒಂಬತ್ತು ಹಿಡಿಸಲಿಲ್ಲ.

“‘ಗೂಢಚಾರನ ಹತ್ತು ಗುರುತುಗಳು’ ಅಂತ ತಲೆಬರಹ ಜೋಡಿಸಿ ಆಗಿದೆ ಕಣ್ರೀ. ಇನ್ನೊಂದು ಗುರುತು ಹೇಳಿ, ಬೇಗ!” ಎಂದು ಅವರು ಟ್ರಂಕ್ ಕಾಲ್‌ನಲ್ಲಿ ಕೂಗಿದರು.

ಫೋನು ಅವರು ಗುಮಾಸ್ತರಾಗಿದ್ದ ವಕೀಲರದು. ವಕೀಲರು ಎದುರಿಗೇ ಕೂತು ತಮ್ಮ ಗುಮಾಸ್ತನನ್ನು ಕೆಕ್ಕರಿಸುತ್ತಿದ್ದರು. ಆ ಗಡಿಬಿಡಿಯಲ್ಲಿ ಅನಂತರಾಮಯ್ಯನವರು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು: “ಹತ್ತನೆಯದು, ತಾನು ಪತ್ರಿಕೆಯವನು ಎಂದು ಹೇಳಿಕೊಳ್ಳುತ್ತಾನೆ.”

“ಭಲೇ!” ಎಂದರು ಸಂಪಾದಕರು.

ಅದು ಅರವತ್ತೈದನೇ ಇಸವಿಯ ಸೆಪ್ಟೆಂಬರ್ ತಿಂಗಳು. ಗಡಿಯಲ್ಲಿ ಯುದ್ಧ ನಡೆಯುತ್ತಿತ್ತು. ತುಮಕೂರಿನಲ್ಲಿ ಯುದ್ಧ ನಡೆಯುತ್ತಿರಲಿಲ್ಲವಾದರೂ ಜನ ಅದಕ್ಕೆ ಸಿದ್ಧವಾಗಿದ್ದರು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿತ್ತು. ಅನಂತರಾಮಯ್ಯನವರಿದ್ದ ಉಪ್ಪಾರಹಳ್ಳಿಯ ವಠಾರದಲ್ಲಿ ಪಕ್ಕದ ಮನೆಯ ಅಲಮೇಲಮ್ಮನವರು ಆಕಾಶದಿಂದ ಯಾರಾದರೂ ಇಳಿದುಬಿಟ್ಟಾರೆಂದು ಒಣಹಾಕಿದ ಹಪ್ಪಳವನ್ನು ಮಧ್ಯಾಹ್ನಕ್ಕೇ ಒಳಗೆ ತರುತ್ತಿದ್ದರು. ಅಂಥ ಜನರ ಕೈಗೆ ‘ಹತ್ತು ಗುರುತುಗಳು’ ಸಿಕ್ಕಿದ್ದು ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು.

ಗುರುತುಗಳನ್ನೆಲ್ಲ ಅನಂತರಾಮಯ್ಯನವರು ಮನೆಯ ಜಗುಲಿಯ ಮೇಲೆ ಕೂತು ತಲೆಯಿಂದಲೇ ತೆಗೆದದ್ದು. ಅವರು ಗೂಢಚಾರನನ್ನು ಕಂಡವರಲ್ಲ. ಕಪ್ಪು ಕನ್ನಡಕ ಹಾಕುತ್ತಾನೆ, ಮಳೆ ಇಲ್ಲದಿದ್ದರೂ ಕೊಡೆ ಹಿಡಿಯುತ್ತಾನೆ, ರೈಲು ಮತ್ತು ಸೇತುವೆಗಳ ವಿಷಯ ಕೇಳುತ್ತಾನೆ, ಊರವರು ಕೊಟ್ಟದ್ದನ್ನು ಮುಟ್ಟುವುದಿಲ್ಲ, ಪುಸ್ತಕದ ಕನ್ನಡ ಆಡುತ್ತಾನೆ, ರೇಡಿಯೋಗೆ ಕಿವಿ ಹಚ್ಚಿ ಕೂರುತ್ತಾನೆ, ಹೀಗೆ. ಹೆಂಡತಿ ಕಮಲಾಕ್ಷಮ್ಮ ಓದಿ ನೋಡಿ, “ಇದೇನ್ರೀ, ರೇಡಿಯೋ ಒಂದು ಬಿಟ್ರೆ ಉಳಿದದ್ದೆಲ್ಲ ನಿಮ್ಮನ್ನೇ ಎದುರಿಗೆ ಕೂರಿಸ್ಕೊಂಡು ಬರೆದ ಹಾಗಿದೆ” ಎಂದಿದ್ದರು. ಹೆಂಗಸರಿಗೆ ದೇಶದ ಭದ್ರತೆಯ ವಿಷಯ ತಿಳಿಯದು ಎಂದುಕೊಂಡು ಅನಂತರಾಮಯ್ಯನವರು ಕಾಗದ ಮಡಿಸಿ ಲಕೋಟೆಗೆ ಹಾಕಿದ್ದರು.

ವಕೀಲರಲ್ಲಿ ಗುಮಾಸ್ತಗಿರಿ ಅವರ ಹೊಟ್ಟೆಪಾಡು. ಮನಸ್ಸು ಇದ್ದದ್ದು ಪತ್ರಿಕೆಯಲ್ಲಿ. ಸ್ವಾತಂತ್ರ್ಯ ಬಂದ ಹೊಸದರಿಂದ ಅವರು ‘ಲೋಕದುಂದುಭಿ’ಯ ತುಮಕೂರು ಬಾತ್ಮೀದಾರರು. ಚರಂಡಿ ಕಟ್ಟಿದ್ದು, ಬೀದಿದೀಪ ಕೆಟ್ಟದ್ದು, ಮಂತ್ರಿಗಳು ಬಂದದ್ದು, ಹೋದದ್ದು, ಎಲ್ಲವನ್ನೂ ಬರೆದರು. ಬರೆದದ್ದೆಲ್ಲ ಬಂದಿತು, ಹೆಸರು ಮಾತ್ರ ಒಂದು ದಿನವೂ ಬರಲಿಲ್ಲ. ‘ನಮ್ಮ ಬಾತ್ಮೀದಾರರಿಂದ’ ಎಂದಷ್ಟೇ ಅಚ್ಚಾಗುತ್ತಿತ್ತು. ಊರೂರಿನ ಬಾತ್ಮೀದಾರರಿಗೆಲ್ಲ ಅದೇ ಒಂದು ಹೆಸರು. ಛತ್ರದ ಚೊಂಬಿನ ಹಾಗೆ ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಹೆಸರು.

ಒಮ್ಮೆ ಅವಕಾಶ ಬಂದಿತ್ತು. ಐವತ್ತಾರರಲ್ಲಿ ಕನ್ನಡನಾಡು ಒಂದಾದಾಗ ರಾಜಕೀಯ ಬರೆಯಲು ಬೆಂಗಳೂರಿಗೆ ಬನ್ನಿ ಎಂದು ಸಂಪಾದಕರೇ ಕರೆದಿದ್ದರು. ಈ ತಿಂಗಳು ದಾವೆಗಳು ಜಾಸ್ತಿ, ಮುಂದಿನ ತಿಂಗಳು ನೋಡೋಣ ಎಂದರು ವಕೀಲರು. ಇವರೂ ಮುಂದಿನ ತಿಂಗಳು ನೋಡೋಣ ಎಂದುಕೊಂಡರು. ಆ ಜಾಗಕ್ಕೆ ಹೋದವನು ಈಗ ದೆಹಲಿಯಲ್ಲಿದ್ದಾನೆ. ಅವನ ಹೆಸರು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಅದನ್ನು ಕಂಡಾಗಲೆಲ್ಲ ಅನಂತರಾಮಯ್ಯನವರಿಗೆ ಕಾಫಿ ರುಚಿಸುತ್ತಿರಲಿಲ್ಲ.

ಅರವತ್ತೆರಡರಲ್ಲಿ, ಚೀನಾ ಯುದ್ಧದ ಹೊತ್ತಿಗೆ, ಇನ್ನೊಂದು ಪ್ರಯತ್ನ ಮಾಡಿದರು. ಕುಣಿಗಲ್ಲಿಗೆ ಮದುವೆಗೆ ಹೋದಾಗ ಲಾರಿಗಳಲ್ಲಿ ಕುದುರೆಗಳನ್ನು ಸಾಗಿಸುವುದು ಕಂಡು, ‘ಲಡಾಖಿಗೆ ಹೊರಟ ಕುಣಿಗಲ್ ಕುದುರೆಗಳು’ ಎಂದು ರೋಮಾಂಚನವಾಗುವಂತೆ ಬರೆದರು. ಕುದುರೆಗಳು ಹೊರಟಿದ್ದದ್ದು ಮೈಸೂರಿನ ಜೂಜಿಗೆ. ಸಂಪಾದಕರು ಆರು ತಿಂಗಳು ಮಾತಾಡಲಿಲ್ಲ.

ಈಗ ‘ಹತ್ತು ಗುರುತುಗಳು’ ಬಂದು, ಅಂಗಡಿ ಅಂಗಡಿಯಲ್ಲಿ ಪತ್ರಿಕೆ ಖರ್ಚಾದ ಮೇಲೆ ಸಂಪಾದಕರ ಉಳಿದ ಮುನಿಸೂ ಇಳಿದಿತ್ತು. “ಗಡಿಗೆ ಹೋಗೋ ಒಬ್ಬ ಮಿಲಿಟರಿ ಅಧಿಕಾರಿಯನ್ನ ಮಾತಾಡಿಸಿ ಕಳಿಸಿ. ನಿಮ್ಮ ಹೆಸರು ಹಾಕಿ ಮುಖಪುಟದಲ್ಲಿ ಕೊಡ್ತೀನಿ. ಹಾಗೇ ಬೆಂಗಳೂರಿಗೆ ಬಂದುಬಿಡಿ, ಯುದ್ಧ ಬಾತ್ಮೀದಾರರಾಗಿ” ಎಂದಿದ್ದರು.

ಇನ್ನೇನು ಬೇಕು? ಬುಧವಾರ ಬೆಳಿಗ್ಗೆ ಸೈನಿಕರ ರೈಲೊಂದು ಅತ್ಯಂತ ಗುಟ್ಟಾಗಿ ಈ ದಾರಿಯಲ್ಲಿ ಹೋಗುವುದಿತ್ತು. ಎಷ್ಟು ಗುಟ್ಟೆಂದರೆ, ಅಲಮೇಲಮ್ಮನವರು ಮಂಗಳವಾರವೇ, “ಕಮಲೂ, ನಾಳೆ ಗುಟ್ಟಿನ ರೈಲಿಗೆ ಚಕ್ಕುಲಿ ಮಾಡಬೇಕು, ಒಂದು ಪಾವು ಅಕ್ಕಿಹಿಟ್ಟಿದ್ರೆ ಕೊಡು” ಎಂದು ಬಂದಿದ್ದರು. ತುಮಕೂರು ಸ್ಟೇಷನ್ನಿನಲ್ಲಿ ಪೊಲೀಸರು ಹತ್ತಿರ ಬಿಡುವುದಿಲ್ಲ. ಗುಬ್ಬಿ ದಾಟಿ ನಿಟ್ಟೂರಿನಲ್ಲಾದರೆ ಎದುರಿನ ಗಾಡಿಗೆ ದಾರಿಬಿಡಲು ಅದು ನಿಂತೇ ನಿಲ್ಲುತ್ತದೆ ಎಂದು ಅನಂತರಾಮಯ್ಯನವರು ಲೆಕ್ಕ ಹಾಕಿದರು.

ಇಲ್ಲಿ ಅವರ ಒಂದು ಕೈಚಳಕದ ಬಗ್ಗೆ ಹೇಳಬೇಕು. ಊರಿನ ಸುದ್ದಿಯೆಲ್ಲ ಬೆಂಗಳೂರಿಗೆ ಹೋಗುತ್ತಿದ್ದದ್ದು ಬೆಳಗಿನ ಬಸ್ಸಿನಲ್ಲಿ. ಲಕೋಟೆಯನ್ನು ಕಂಡಕ್ಟರ್ ಗುಂಡಯ್ಯನ ಕೈಗೆ ಕೊಟ್ಟರೆ ಅಲ್ಲಿ ಪತ್ರಿಕೆಯ ಜವಾನ ಇಳಿಸಿಕೊಳ್ಳುತ್ತಿದ್ದ. ಸಭೆ ಸಮಾರಂಭಗಳು ನಡೆಯುವುದು ಸಂಜೆ. ಸಂಜೆಯ ಸುದ್ದಿಗಾಗಿ ಮರುದಿನದ ಬಸ್ಸು ಕಾದರೆ ಅದು ತಂಗಳಾಗುತ್ತದೆ. ಆದ್ದರಿಂದ ಅನಂತರಾಮಯ್ಯನವರು ನಡೆಯಲಿರುವ ಸಭೆಯ ವರದಿಯನ್ನು ಬೆಳಿಗ್ಗೆಯೇ ಬರೆದು ಕಳಿಸಿಬಿಡುತ್ತಿದ್ದರು. ‘ಜನ ಕಿಕ್ಕಿರಿದು ನೆರೆದಿದ್ದರು, ಅಧ್ಯಕ್ಷರು ಮಾರ್ಮಿಕವಾಗಿ ಮಾತನಾಡಿದರು’ ಎನ್ನುವುದಕ್ಕೆ ಸಭೆಗೇಕೆ ಹೋಗಬೇಕು? ಒಮ್ಮೆ ಅಧ್ಯಕ್ಷರು ಜ್ವರ ಬಂದು ಸಭೆಗೇ ಹೋಗಲಿಲ್ಲ. ಮರುದಿನ ಪತ್ರಿಕೆಯಲ್ಲಿ ತಮ್ಮ ಭಾಷಣ ಓದಿ ಅವರಿಗೆ ಎಷ್ಟು ಸಂತೋಷವಾಯಿತೆಂದರೆ, “ನಾನು ಹೋಗಿದ್ರೂ ಇಷ್ಟು ಚೆನ್ನಾಗಿ ಮಾತಾಡ್ತಿರ್ಲಿಲ್ಲ ಬಿಡಿ” ಎಂದು ಹೇಳಿಕಳಿಸಿದ್ದರು.

ಬುಧವಾರವೂ ಹಾಗೆಯೇ ಆಯಿತು. ಸ್ನಾನಕ್ಕೆ ಮೊದಲೇ ಕೂತು ಬರೆದರು. ನಿಟ್ಟೂರಿನಲ್ಲಿ ರೈಲು ನಿಂತದ್ದು, ಹೆಂಗಸರು ಆರತಿ ಎತ್ತಿದ್ದು, ಗಿರಿಜಾಮೀಸೆಯ ಅಧಿಕಾರಿಯೊಬ್ಬರು ಕಿಟಕಿಯಿಂದ ಬಾಗಿ, “ನಿಟ್ಟೂರಿನ ಮಂಡಕ್ಕಿಯ ಋಣವನ್ನು ರಣರಂಗದಲ್ಲಿ ತೀರಿಸುತ್ತೇವೆ” ಎಂದದ್ದು, ಎಲ್ಲ ಸೊಗಸಾಗಿ ಇಳಿಯಿತು. ತಲೆಯಲ್ಲಿ ‘ಅನಂತರಾಮಯ್ಯ, ಯುದ್ಧ ಬಾತ್ಮೀದಾರ’ ಎಂದು ಬರೆದು, ಬರೆದದ್ದನ್ನು ಸ್ವಲ್ಪ ಹೊತ್ತು ನೋಡಿದರು. ಗುಂಡಯ್ಯನಿಗೆ ಲಕೋಟೆ ಕೊಟ್ಟು, ಗುಬ್ಬಿಯ ಕಡೆಯ ಬಸ್ಸು ಹತ್ತಿದರು. ಏನಾದರೂ ಹೆಚ್ಚುಕಮ್ಮಿಯಾದರೆ ಒಂದು ಟ್ರಂಕ್ ಕಾಲ್ ಮಾಡಿ ತಿದ್ದಿಸಿದರಾಯಿತು ಎಂಬುದು ಅವರ ಧೈರ್ಯ.

ಆ ತಿಂಗಳೆಲ್ಲ ವಠಾರಕ್ಕೆ ಕಣ್ಣುಬೇನೆ. ಅನಂತರಾಮಯ್ಯನವರೂ ಕಪ್ಪು ಕನ್ನಡಕ ಹಾಕಿದ್ದರು. ಬಿಸಿಲು ಕಣ್ಣಿಗೆ ಆಗದೆಂದು ಕಮಲಾಕ್ಷಮ್ಮ ಕೊಡೆ ಕೊಟ್ಟಿದ್ದರು. ಹೊಟ್ಟೆಯಲ್ಲಿ ಪಿತ್ತ, ಹೊರಗಿನದು ಏನೂ ತಿನ್ನಬೇಡಿ ಎಂದು ಅವಲಕ್ಕಿಯನ್ನೂ ಕಟ್ಟಿಕೊಟ್ಟಿದ್ದರು.

ನಿಟ್ಟೂರಿನಲ್ಲಿ ಇಳಿದು ಅವರು ಸ್ಟೇಷನ್ ದಾರಿಯ ಮುದ್ದಯ್ಯನ ಹೋಟೆಲಿಗೆ ಹೋದರು. ಊರಿನ ಜನವೆಲ್ಲ ಅಲ್ಲೇ ಇತ್ತು. ಮಂಡಕ್ಕಿಯ ಬುಟ್ಟಿಗಳು, ಹೂವಿನ ಹಾರಗಳು ಸಾಲಾಗಿ ಕಾಯುತ್ತಿದ್ದವು. ಪಟೇಲ್ ಗುರುಸಿದ್ದಯ್ಯ ಬೆಂಚಿನ ಮೇಲೆ ಕೂತು ಮೀಸೆ ತಿರುವುತ್ತಿದ್ದರು. ಬಾತ್ಮೀದಾರಿಕೆಗೆ ಹೊರಟಾಗ ಅನಂತರಾಮಯ್ಯನವರ ಬಾಯಲ್ಲಿ ಅಚ್ಚಿನ ಕನ್ನಡವೇ ಬರುತ್ತಿತ್ತು.

“ಮಾನ್ಯರೇ, ಸೈನಿಕರ ರೈಲು ಇಲ್ಲಿ ಎಷ್ಟು ಹೊತ್ತಿಗೆ ಆಗಮಿಸುತ್ತದೆ?”

ಮುದ್ದಯ್ಯ ಒಮ್ಮೆ ಕನ್ನಡಕ ನೋಡಿದ, ಒಮ್ಮೆ ಕೊಡೆ ನೋಡಿದ. ಪಟೇಲರ ಕಡೆ ತಿರುಗಿ, “ನಾಕಾಯ್ತು” ಎಂದ.

ಬಂದವರಿಗೆ ಕಾಫಿ ಲೆಕ್ಕ ಹಾಕುತ್ತಿದ್ದಾನೆ ಎಂದುಕೊಂಡು ಅನಂತರಾಮಯ್ಯನವರು ಬೆಂಚಿನ ತುದಿಗೆ ಕೂತರು.

“ಕಾಪಿ ಕುಡೀರಿ ಸ್ವಾಮಿ,” ಎಂದ ಮುದ್ದಯ್ಯ, ಮೆಲ್ಲಗೆ.

“ಬೇಡಪ್ಪ. ನನಗೆ ಪಿತ್ತ. ಮನೆಯಿಂದ ಅವಲಕ್ಕಿ ತಂದಿದ್ದೇನೆ.”

“ಐದು,” ಎಂದರು ಪಟೇಲರು.

ಅಷ್ಟರಲ್ಲಿ ಅನಂತರಾಮಯ್ಯನವರ ಕಣ್ಣು ಗೋಡೆಗೆ ಹೋಯಿತು. ದೇವರ ಪಟದ ಪಕ್ಕದಲ್ಲಿ, ಗಂಜಿ ಹಚ್ಚಿ ಅಂಟಿಸಿದ್ದ ಪತ್ರಿಕೆಯ ತುಂಡು: ‘ಗೂಢಚಾರನ ಹತ್ತು ಗುರುತುಗಳು’. ಅದಕ್ಕೂ ಒಂದು ಹೂವು ಸಿಕ್ಕಿಸಿದ್ದರು. ಅವರ ಎದೆ ತುಂಬಿಬಂತು. ಇಷ್ಟು ವರ್ಷ ಬರೆದದ್ದು ಎಲ್ಲಿ ಹೋಗಿ ಬೀಳುತ್ತದೆಯೋ ಎಂದು ಅವರಿಗೆ ಗೊತ್ತೇ ಇರಲಿಲ್ಲ. ನೋಡಿದರೆ, ಇಲ್ಲಿ ಪೂಜೆಯೇ ನಡೆಯುತ್ತಿದೆ!

“ಇದನ್ನು ಓದಿದಿರಾ?” ಎಂದು ಕೇಳಿದರು.

“ಓದ್ದೆ ಬುಡ್ತೀವಾ? ಊರ್ಗೆಲ್ಲ ಓದಿ ಹೇಳಿವ್ನಿ.”

“ಹೇಗಿದೆ?”

“ಬರ್ದೋನು ಭಾರಿ ಬುದ್ಧಿವಂತ ಬುಡಿ ಸ್ವಾಮಿ. ಕಣ್ಣಾಗೆ ಕಂಡಂಗೆ ಬರ್ದವ್ನೆ,” ಎಂದ ಮುದ್ದಯ್ಯ, ಇವರನ್ನೇ ದಿಟ್ಟಿಸುತ್ತ.

ಮನುಷ್ಯನಾದವನು ಎಷ್ಟೆಂದು ತಡೆದುಕೊಂಡಾನು? ಅನಂತರಾಮಯ್ಯನವರು ಎದ್ದು ನಿಂತು, ಎದೆಯ ಮೇಲೆ ಕೈ ಇಟ್ಟು, “ಬರೆದವನು ಬೇರೆ ಯಾರೂ ಅಲ್ಲ, ನಾನೇ. ನಾನು ಪತ್ರಿಕೆಯವನು” ಎಂದರು.

ಮುದ್ದಯ್ಯ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

“ಹತ್ತು!” ಎಂದು ಕಿರುಚಿದ. “ಹತ್ನೇದೂ ಬಂತು ಕಣ್ರಪ್ಪೋ! ಹಿಡ್ಕಳ್ಳಿ!”

ಮುಂದಿನದು ಬಹಳ ಬೇಗ ನಡೆಯಿತು. ಕನ್ನಡಕ ಒಬ್ಬನ ಕೈಗೆ, ಕೊಡೆ ಇನ್ನೊಬ್ಬನ ಕೈಗೆ ಹೋಯಿತು. ಅವಲಕ್ಕಿಯ ಗಂಟನ್ನು ದೂರದ ಬಯಲಿನಲ್ಲಿ ಇಟ್ಟು, ಸಿಡಿಯುತ್ತದೆಯೋ ಎಂದು ಬೇಲಿಯ ಮರೆಯಲ್ಲಿ ಕಾದರು. ಅದು ಸಿಡಿಯಲಿಲ್ಲ, ಒಂದು ನಾಯಿ ತಿಂದಿತು. ಅನಂತರಾಮಯ್ಯನವರನ್ನು ಹೋಟೆಲಿನ ಕಂಬಕ್ಕೆ ಒರಗಿಸಿ ಬಾವಿಯ ಹಗ್ಗದಿಂದ ಸುತ್ತಿದರು.

“ನಾನು ಕನ್ನಡದವನು ಕಣ್ರಯ್ಯ! ತುಮಕೂರಿನವನು! ಪತ್ರಿಕೆಗೆ ಬರೀತೀನಿ!” ಎಂದು ಅವರು ಅಂಗಲಾಚಿದರು. ಗಾಬರಿಗೆ ಅಚ್ಚಿನ ಕನ್ನಡ ಹಾರಿಹೋಗಿತ್ತು.

“ನೋಡಿ, ನೋಡಿ, ಅದ್ನೇ ಮತ್ತೆ ಮತ್ತೆ ಹೇಳ್ತಾವ್ನೆ,” ಎಂದರು ಪಟೇಲರು. “ಪೇಪರ್ನಾಗೆ ಏನ್ ಬರ್ದೈತೋ ಹಂಗೇ!”

ಅಷ್ಟರಲ್ಲಿ ರೈಲು ಕೂಗಿತು. ಜನ ಬುಟ್ಟಿ, ಹಾರ, ಆರತಿತಟ್ಟೆ ಎತ್ತಿಕೊಂಡು ಸ್ಟೇಷನ್ನಿಗೆ ಓಡಿದರು. ಕಂಬಕ್ಕೆ ಕಟ್ಟಿಸಿಕೊಂಡಿದ್ದ ಯುದ್ಧ ಬಾತ್ಮೀದಾರರು ಕತ್ತು ಉದ್ದ ಮಾಡಿ ನೋಡಿದರು. ರೈಲು ನಿಲ್ಲಲಿಲ್ಲ. ಹೊಗೆ ಬಿಡುತ್ತ, ಕಿಟಕಿಯಲ್ಲಿ ಬೀಸುವ ನಾಲ್ಕು ಕೈಗಳನ್ನಷ್ಟೇ ತೋರಿಸಿ, ನಿಟ್ಟೂರು ಎಂಬ ಊರೇ ಇಲ್ಲವೆಂಬಂತೆ ಹೊರಟುಹೋಯಿತು. ಗಿರಿಜಾಮೀಸೆ ಇತ್ತೋ ಇಲ್ಲವೋ, ಅದೂ ಕಾಣಲಿಲ್ಲ.

ಮಂಡಕ್ಕಿ ಬುಟ್ಟಿಗಳು ಹೊತ್ತ ಹಾಗೇ ವಾಪಸು ಬಂದವು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡು, “ನನ್ ತಮ್ಮ ಬಂದಾನೇನೋ ಅಂತ ಕಾದಿದ್ದೆ” ಎಂದಳು. ಅನಂತರಾಮಯ್ಯನವರಿಗೆ ಅಯ್ಯೋ ಅನಿಸಿತು. ಬೆಳಿಗ್ಗೆ ತಾವು ಬರೆದ ವರದಿಯಲ್ಲಿ ಈಕೆ ಇರಲಿಲ್ಲ.

“ಇವ್ನು ಇಲ್ಲವ್ನೆ ಅಂತ ಮಿಲ್ಟ್ರಿಯೋರ್ಗೆ ಗೊತ್ತಾಗೋಯ್ತು. ಅದ್ಕೇ ನಿಲ್ಲಿಸ್ನಿಲ್ಲ,” ಎಂದು ಮುದ್ದಯ್ಯ ತೀರ್ಪು ಕೊಟ್ಟ. ಊರು ಒಪ್ಪಿತು. ಸೈನಿಕರಿಗೆಂದು ಕಟ್ಟಿದ ಹಾರಗಳನ್ನು ಸುಮ್ಮನೆ ಬಾಡಿಸುವುದೇಕೆಂದು ಗೂಢಚಾರನನ್ನು ಹಿಡಿದ ಮುದ್ದಯ್ಯನಿಗೆ ಹಾಕಿದರು.

ಕೊಬ್ಬರಿಯ ಲಾರಿಯೊಂದರಲ್ಲಿ ಎಲ್ಲರೂ ಗುಬ್ಬಿಗೆ ಹೊರಟರು. ಅನಂತರಾಮಯ್ಯನವರನ್ನು ಮಂಡಕ್ಕಿ ಬುಟ್ಟಿಗಳ ನಡುವೆ ಕೂರಿಸಿದ್ದರು. ಹೊಟ್ಟೆ ಚುರುಗುಟ್ಟುತ್ತಿತ್ತು, ಅವಲಕ್ಕಿ ನಾಯಿಯ ಪಾಲಾಗಿತ್ತು. ಮೆಲ್ಲಗೆ ಒಂದು ಮುಷ್ಟಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು.

“ಈಗ ತಿಂತಾವ್ನೆ ನೋಡ್ರಪ್ಪ! ಸಿಕ್ಕಾಕೊಂಡ್ಮೇಲೆ!” ಎಂದ ಮುದ್ದಯ್ಯ, ಹಾರ ಸರಿಮಾಡಿಕೊಳ್ಳುತ್ತ.

ಗುಬ್ಬಿಯ ಸಬ್ ಇನ್ಸ್‌ಪೆಕ್ಟರ್ ಶಿವರಾಮಯ್ಯನವರು ಒಳ್ಳೆಯ ಮನುಷ್ಯರು. ಆದರೆ ಅಂದು ಅವರ ತಾಳ್ಮೆಗೂ ಕೊನೆ ಬಂದಿತ್ತು. ಠಾಣೆಯ ಜಗುಲಿಯಲ್ಲಿ ಆಗಲೇ ಒಬ್ಬ ಬೈರಾಗಿ, ಒಬ್ಬ ಬಳೆಗಾರ, ಹೆಣ್ಣು ನೋಡಲು ಬಂದಿದ್ದ ಒಬ್ಬ ವರ ಸಾಲಾಗಿ ಕೂತಿದ್ದರು. ಎಲ್ಲರೂ ಗೂಢಚಾರರು. ವರ ಮಾವನ ಮನೆಯ ಉಪ್ಪಿಟ್ಟು ಬೇಡವೆಂದಿದ್ದನಂತೆ.

“ಇನ್ನೊಬ್ಬನಾ?” ಎಂದು ಇನ್ಸ್‌ಪೆಕ್ಟರು ಹಣೆ ಹಿಡಿದುಕೊಂಡರು. “ಆ ಹತ್ತು ಗುರುತು ಬರೆದ ಪುಣ್ಯಾತ್ಮ ಒಂದು ಸಲ ನನ್ನ ಕೈಗೆ ಸಿಗ್ಲಿ, ಹನ್ನೊಂದನೇ ಗುರುತು ನಾನು ತೋರಿಸ್ತೀನಿ!” ಆಮೇಲೆ ಅನಂತರಾಮಯ್ಯನವರ ಕಡೆ ನೋಡಿ, “ಏನ್ರೀ, ನೀವೇ ಬರೆದದ್ದು ಅಂತ ಹೇಳಿದ್ರಂತೆ? ಹೌದಾ?”

ಅನಂತರಾಮಯ್ಯನವರು ಎದೆಯ ಮೇಲೆ ಕೈ ಇಡಹೋಗಿ ಕೆಳಗಿಳಿಸಿದರು.

“ಯೋಚನೆ ಮಾಡಿ ಹೇಳಿ,” ಎಂದರು ಇನ್ಸ್‌ಪೆಕ್ಟರು, ಸ್ವಲ್ಪ ಮೆತ್ತಗಾಗಿ. “ನೀವು ಪೇಪರ್‌ನವರೇ ಆದ್ರೆ, ಮಿಲಿಟರಿ ರೈಲು ಹೋಗೋ ಕಡೆ ಯಾಕೆ ಬಂದಿದ್ರಿ ಅಂತ ನಿಮ್ಮನ್ನ ಬೆಂಗಳೂರಿಗೆ ಕಳಿಸ್ಬೇಕು. ಮೇಲಿಂದ ಹಾಗೆ ಹುಕುಂ ಇದೆ. ಪೇಪರ್‌ನವರಲ್ಲ, ಸುಮ್ನೆ ಬಂದೋರು ಅಂದ್ರೆ, ಗೊತ್ತಿರೋರು ಒಬ್ರು ರುಜು ಹಾಕಿದ್ರೆ ಸಾಕು, ಮನೆಗೆ ಹೋಗ್ಬಹುದು.”

ಹದಿನೆಂಟು ವರ್ಷ ಅವರು ಕಾದಿದ್ದದ್ದು ಯಾರಾದರೂ ಈ ಪ್ರಶ್ನೆ ಕೇಳಲಿ ಎಂದೇ. ಬರೆದವರು ನೀವೇನಾ ಎಂದು ಯಾರೂ ಕೇಳಿರಲಿಲ್ಲ. ಇವತ್ತು ಒಂದೇ ದಿನದಲ್ಲಿ ಎರಡು ಸಲ ಆ ಮಾತು ಬಂತು. ಮೊದಲನೇ ಸಲ ನಿಜ ಹೇಳಿ ಹಗ್ಗ ಸುತ್ತಿಸಿಕೊಂಡರು.

“ಅಲ್ಲ ಸ್ವಾಮಿ,” ಎಂದರು. “ನಾನು ವಕೀಲರ ಗುಮಾಸ್ತ. ಪತ್ರಿಕೆಗೂ ನನಗೂ ಸಂಬಂಧ ಇಲ್ಲ.”

ಹೇಳಿದ ಮೇಲೆ, ಮನೆಯಲ್ಲಿ ಯಾರನ್ನೋ ಕಳೆದುಕೊಂಡ ಹಾಗೆ ಅವರ ಒಳಗೆ ಖಾಲಿಯಾಯಿತು.

“ಗುಬ್ಬೀಲಿ ನಿಮ್ಮನ್ನ ಬಲ್ಲೋರು ಯಾರಿದಾರೆ?”

ಯಾರೂ ಇಲ್ಲವೆನ್ನಬೇಕು, ಅಷ್ಟರಲ್ಲಿ ಬಾಗಿಲಲ್ಲಿ ನೆರೆದಿದ್ದ ಜನರ ಹಿಂದಿನಿಂದ ಒಂದು ದನಿ ಬಂತು. “ಅನಂತೂ! ಇದೇನೋ ಇದು?”

ಮುನಾವರ್ ಪಾಷಾ! ಅನಂತರಾಮಯ್ಯನವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ತುಮಕೂರಿನ ಬಸ್ ನಿಲ್ದಾಣದ ಹತ್ತಿರ ಗಡಿಯಾರ ರಿಪೇರಿ ಅಂಗಡಿ ಇಟ್ಟವನು. ಅವನು ಗುಬ್ಬಿಯಲ್ಲಿ ಏಕಿದ್ದಾನೆ?

ಪಾಷಾ ಜನರನ್ನು ಸರಿಸಿಕೊಂಡು ಒಳಗೆ ಬಂದ. ಬಾಗಿಲಲ್ಲಿದ್ದ ಪೊಲೀಸಿನವನು ಅವನ ತೋಳು ಹಿಡಿದು, “ನೀನ್ಯಾಕಪ್ಪ ಇಂಥಾ ಕಾಲದಲ್ಲಿ ಇದಕ್ಕೆ ತಲೆ ಕೊಡ್ತೀಯಾ? ಸುಮ್ನೆ ಹೋಗು” ಎಂದ. ಅವನದು ಒಳ್ಳೆಯ ಮಾತೇ. ಪಟೇಲರೂ ಮುದ್ದಯ್ಯನೂ ಮುಖ ಮುಖ ನೋಡಿಕೊಂಡರು. ಪಾಷಾ ಹೋಗಲಿಲ್ಲ. ಟೋಪಿ ಸರಿಮಾಡಿಕೊಂಡು ಇನ್ಸ್‌ಪೆಕ್ಟರ ಎದುರಿಗೆ ನಿಂತ.

“ನಾನು ಬಲ್ಲೆ ಸ್ವಾಮಿ. ಚಿಕ್ಕಂದಿನಿಂದ ಬಲ್ಲೆ. ಇರುವೆ ಕಚ್ಚಿದ್ರೂ ಇವ್ನೇ ಅದಕ್ಕೆ ಸಮಾಧಾನ ಹೇಳ್ತಾನೆ.”

“ಇವರು ಪೇಪರ್‌ನವರಾ?”

ಪಾಷಾ ಅನಂತರಾಮಯ್ಯನವರ ಕಡೆ ತಿರುಗಿದ. ಬೇನೆ ಬಂದು ಕೆಂಪಾಗಿದ್ದ ಆ ಕಣ್ಣುಗಳಲ್ಲಿ ಬೇಡಿಕೆಯೊಂದು ಇತ್ತು. ಪಾಷಾ ಸುಳ್ಳು ಹೇಳುವವನಲ್ಲ. ಕೆಟ್ಟ ಗಡಿಯಾರವನ್ನು ಕೆಟ್ಟಿದೆ ಎಂದೇ ಹೇಳಿ ಗಿರಾಕಿ ಕಳೆದುಕೊಂಡವನು.

“ಸ್ವಾಮಿ, ನಾನು ದಿನಾ ಪೇಪರ್ ತರಿಸ್ತೀನಿ. ಇವನ ಹೆಸರು ಎಲ್ಲಾದರೂ ಇದೆಯಾ ಅಂತ ದಿನಾ ಹುಡುಕ್ತೀನಿ. ಒಂದು ದಿನಾನೂ ಬಂದಿಲ್ಲ.”

ಅದು ಅಪ್ಪಟ ನಿಜ. ಇನ್ಸ್‌ಪೆಕ್ಟರು ಮುಚ್ಚಳಿಕೆ ಬರೆಸಿದರು. ತಾನು ಪತ್ರಿಕೆಯವನಲ್ಲ, ರೈಲಿನ ವಿಷಯ ಎಲ್ಲಿಯೂ ಬರೆದವನೂ ಅಲ್ಲ ಎಂದು ಅನಂತರಾಮಯ್ಯನವರು ರುಜು ಹಾಕಿದರು. ಅದಕ್ಕೆ ತಾನು ಹೊಣೆ ಎಂದು ಪಾಷಾ ಕೆಳಗೆ ರುಜು ಹಾಕಿದ. “ಇದರಲ್ಲಿ ಏನಾದ್ರೂ ಸುಳ್ಳು ಅಂತ ಕಂಡ್ರೆ ಇಬ್ರನ್ನೂ ಒಟ್ಟಿಗೇ ಕರೆಸ್ತೀನಿ” ಎಂದರು ಇನ್ಸ್‌ಪೆಕ್ಟರು. ಮುದ್ದಯ್ಯ ಕೊರಳಿನ ಹಾರ ತೆಗೆಯಲೋ ಬಿಡಲೋ ತಿಳಿಯದೆ ನಿಂತಿದ್ದ.

ತುಮಕೂರಿನ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು.

“ಗುಬ್ಬೀಗೆ ಯಾಕೆ ಬಂದಿದ್ದೆ?” ಎಂದು ಕೇಳಿದರು ಅನಂತರಾಮಯ್ಯನವರು.

“ಸೈಫುಲ್ಲಾ ಅಂತ ನಮ್ಮ ಚಿಕ್ಕಪ್ಪನ ಮಗನ ಸೈಕಲ್ ಶಾಪ್ ಇದೆ. ಅದರ ಮೂಲೇಲಿ ಕೂತು ರಿಪೇರಿ ಮಾಡ್ತಾ ಇದೀನಿ. ಊರಲ್ಲಿ ಅಂಗಡಿ ಮುಚ್ಚಿ ಒಂದು ವಾರ ಆಯ್ತಲ್ಲ.”

“ಯಾಕೋ?”

ಪಾಷಾ ಕಿಟಕಿಯ ಆಚೆ ನೋಡುತ್ತ ಹೇಳಿದ. “ನನ್ನ ಅಂಗಡೀಲಿ ರೇಡಿಯೋ ಇತ್ತಲ್ಲ. ಸಿಲೋನಿನ ಹಾಡು ಕೇಳ್ತಾ ಕೆಲಸ ಮಾಡ್ತಿದ್ದೆ. ಪೇಪರ್‌ನಲ್ಲಿ ನಿನ್ನ ಹತ್ತು ಗುರುತು ಬಂದ ಮಾರನೇ ದಿನ ಅಂಗಡಿ ಮುಂದೆ ಜನ ನಿಂತ್ರು. ಯಾರೂ ಏನೂ ಅನ್ಲಿಲ್ಲ, ಸುಮ್ನೆ ನೋಡ್ತಾ ನಿಂತ್ರು. ಅವರೆಲ್ಲ ನನ್ನ ಹತ್ರ ವಾಚು ಕೊಟ್ಟೋರೇ ಕಣೋ. ರೇಡಿಯೋ ಮನೆಗೆ ತಗೊಂಡು ಹೋಗಿ ಅಕ್ಕಿ ಡಬ್ಬದ ಹಿಂದೆ ಇಟ್ಟೆ.” ಆಮೇಲೆ ಇವರ ಕಡೆ ತಿರುಗಿ ಕೇಳಿದ, “ಆ ರೇಡಿಯೋದು ಬರೆಯೋವಾಗ ನಿನಗೆ ನನ್ನ ನೆನಪಾಗ್ಲಿಲ್ವೇನೋ?”

ಅನಂತರಾಮಯ್ಯನವರು ಬಸ್ಸಿನ ಟಿಕೆಟ್ಟನ್ನು ಮಡಿಸುತ್ತ ಕೂತರು. ನೆನಪಾಗಿತ್ತು. ಮಿಕ್ಕ ಗುರುತುಗಳೆಲ್ಲ ತಲೆಯಿಂದ ಬಂದವು. ಆ ಒಂದು ಮಾತ್ರ ಕಣ್ಣಿಂದ ಬಂದದ್ದು. ರೇಡಿಯೋಗೆ ಕಿವಿ ಹಚ್ಚಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತಲೆದೂಗುತ್ತ ಕೂತ ಪಾಷಾನ ಚಿತ್ರವನ್ನೇ ಅವರು ಹಾಗೆ ಎತ್ತಿ ಬರೆದಿದ್ದರು, ಚೆನ್ನಾಗಿದೆ ಎಂದು. ಆಮೇಲೆ ಅಂಗಡಿ ಮುಚ್ಚಿದ್ದನ್ನೂ ದಿನವೂ ನೋಡಿದ್ದರು. ಯಾಕೆ ಎಂದು ಕೇಳಲು ಹೋಗಿರಲಿಲ್ಲ, ಉತ್ತರ ಗೊತ್ತಿತ್ತು. ಈಗ ಅವರಿಗೆ ಬಸ್ಸಿನಿಂದ ಇಳಿದು ಎಲ್ಲಾದರೂ ಓಡಿಹೋಗಬೇಕು ಅನ್ನುವಷ್ಟು ನಾಚಿಕೆಯಾಯಿತು.

“ನಾಳೇನೇ ತಪ್ಪು ಅಂತ ಬರೀತೀನಿ ಕಣೋ ಮುನಾವರ್. ಆ ಗುರುತುಗಳೆಲ್ಲ ಸುಳ್ಳು ಅಂತ ಬರೀತೀನಿ.”

“ಬೇಡಪ್ಪ, ನೀನು ಏನೂ ಬರೀಬೇಡ. ಅದೇ ನೀನು ನನಗೆ ಮಾಡೋ ದೊಡ್ಡ ಉಪಕಾರ,” ಎಂದು ಪಾಷಾ ನಕ್ಕ. ಅನಂತರಾಮಯ್ಯನವರೂ ನಗಲು ನೋಡಿದರು, ಆಗಲಿಲ್ಲ.

ತುಮಕೂರಿನಲ್ಲಿ ಇಳಿದಾಗ ಸಂಜೆ. ಎದುರಿಗೆ ಬೆಂಗಳೂರಿನ ಬಸ್ಸು ನಿಂತಿತ್ತು. ಗುಂಡಯ್ಯ ಕೈಯೆತ್ತಿ, “ಕವರ್ ತಲುಪಿಸ್ದೆ ಸ್ವಾಮೀ! ನಿಮ್ಮ ಎಡಿಟ್ರು ಬಸ್ಸಿನ ಹತ್ರಾನೇ ಬಂದಿದ್ರು, ಅಲ್ಲೇ ಒಡೆದು ಓದಿ ಕುಣಿದಾಡ್ಬಿಟ್ರು!” ಎಂದು ಕೂಗಿದ.

ಅನಂತರಾಮಯ್ಯನವರು ನಿಂತಲ್ಲೇ ನಿಂತರು. ಬೆಳಗಿನ ಲಕೋಟೆ! ನಿಲ್ಲದ ರೈಲು ಅದರಲ್ಲಿ ನಿಂತಿತ್ತು. ಇಲ್ಲದ ಮೀಸೆ ಮಾತಾಡಿತ್ತು. ತಲೆಯ ಮೇಲೆ ಹೆಸರೂ ಇತ್ತು. ಒಂದು ಟ್ರಂಕ್ ಕಾಲ್ ಮಾಡಿದರೆ ನಿಂತುಹೋಗುತ್ತದೆ. ತಂತಿ ಕಚೇರಿ ಎದುರಿಗೇ ಇತ್ತು. ಬಾಗಿಲೂ ತೆರೆದಿತ್ತು.

“ಏನೋ ಆಯ್ತು? ಮುಖ ಯಾಕೆ ಹಾಗಾಯ್ತು? ಇನ್ನೇನಾದ್ರೂ ಬಾಕಿ ಇದೆಯಾ?” ಎಂದ ಪಾಷಾ.

ಅನಂತರಾಮಯ್ಯನವರು ಕಚೇರಿಯ ಮೆಟ್ಟಿಲವರೆಗೂ ಹೋದರು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟರು. ಆಗ ಅವರಿಗೆ ಮುಖಪುಟ ಕಂಡಿತು. ದಪ್ಪಕ್ಷರ ಕಂಡಿತು. ದೆಹಲಿಯಲ್ಲಿ ಕೂತವನು ಅದನ್ನು ಓದುವುದು ಕಂಡಿತು. ಇಷ್ಟು ವರ್ಷ ಹಾಕದ ಹೆಸರನ್ನು ಸಂಪಾದಕರು ಇವತ್ತೇ ಹಾಕುತ್ತಾರೆ ಎಂದೇನು, ಎಂದು ಒಂದು ಮನಸ್ಸು ಹೇಳಿತು. ಹಾಕಿದರೆ ಹಾಕಲಿ, ಬದುಕಿನಲ್ಲಿ ಒಂದು ಸಲ, ಎಂದು ಇನ್ನೊಂದು ಮನಸ್ಸು ಹೇಳಿತು. ಗುಬ್ಬಿಯ ಇನ್ಸ್‌ಪೆಕ್ಟರು ‘ಲೋಕದುಂದುಭಿ’ ಓದುತ್ತಾರೆಂದು ಯಾರು ಕಂಡವರು?

“ಏನೂ ಇಲ್ಲ ಕಣೋ,” ಎಂದು ಅವರು ಮೆಟ್ಟಿಲಿಳಿದರು. “ಮನೆಗೆ ಹೋಗೋಣ.”

ಬೆಳಿಗ್ಗೆ ಅವರನ್ನು ಎಬ್ಬಿಸಿದ್ದು ಅಲಮೇಲಮ್ಮನವರು.

“ಕಮಲೂ! ಕಮಲೂ! ನಿಮ್ಮೋರ ಹೆಸರು ಬಂದಿದೆ ಕಣೇ! ಮುಂದಿನ ಪುಟದಲ್ಲೇ ಬಂದಿದೆ!”

ವಠಾರವೇ ಜಗುಲಿಗೆ ಬಂತು. ಅನಂತರಾಮಯ್ಯನವರು ಎರಡೂ ಕೈಯಲ್ಲಿ ಪತ್ರಿಕೆ ಹಿಡಿದರು. ಮೇಲೆ ಪುಟದ ಅಗಲಕ್ಕೂ ‘ಕದನ ವಿರಾಮ’ ಎಂದಿತ್ತು. ರಾತ್ರಿ ಯುದ್ಧ ನಿಂತಿತ್ತಂತೆ. ಅದರ ಕೆಳಗೆ, ಚೌಕದೊಳಗೆ, ಅವರ ವರದಿ. ಸಂಪಾದಕರು ಉದಾರ ಮನಸ್ಸಿನಿಂದ ಒಂದು ಒಕ್ಕಣೆಯನ್ನೂ ಸೇರಿಸಿದ್ದರು: ‘“ಗೂಢಚಾರನ ಹತ್ತು ಗುರುತುಗಳು” ಲೇಖನದಿಂದ ನಾಡಿಗೆಲ್ಲ ಪರಿಚಿತರಾದ ತುಮಕೂರಿನ ಅನಂತರಾಮಯ್ಯನವರು, ನಿನ್ನೆ ನಿಟ್ಟೂರಿನಲ್ಲಿ ಸೈನಿಕರ ರೈಲನ್ನು ಖುದ್ದಾಗಿ ಕಂಡು ಬರೆದದ್ದು.’

ಹೆಸರು ದಪ್ಪಕ್ಷರದಲ್ಲಿತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ. ಕಮಲಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಲಮೇಲಮ್ಮ ರೈಲಿಗೆಂದು ಮಾಡಿ ಉಳಿದಿದ್ದ ಚಕ್ಕುಲಿಯನ್ನು ಎಲ್ಲರಿಗೂ ಹಂಚಿದರು. ಅನಂತರಾಮಯ್ಯನವರು ಒಂದು ಚಕ್ಕುಲಿ ಮುರಿದು ಬಾಯಿಗಿಡಬೇಕು, ವಠಾರದ ಮುಂದೆ ಜೀಪು ನಿಂತ ಸದ್ದಾಯಿತು.

ಇನ್ಸ್‌ಪೆಕ್ಟರ್ ಶಿವರಾಮಯ್ಯನವರು ಇಳಿದರು. ಒಂದು ಕೈಯಲ್ಲಿ ‘ಲೋಕದುಂದುಭಿ’, ಇನ್ನೊಂದು ಕೈಯಲ್ಲಿ ನಿನ್ನೆಯ ಮುಚ್ಚಳಿಕೆ. ಅವರ ಹಿಂದೆ, ಅಂಗಿಯ ಗುಂಡಿಯನ್ನೂ ಸರಿಯಾಗಿ ಹಾಕಿಕೊಳ್ಳಲು ಬಿಡುವಿಲ್ಲದೆ ಎದ್ದು ಬಂದಂತಿದ್ದ ಮುನಾವರ್ ಪಾಷಾ ಇಳಿದ. ಜಗುಲಿಯ ಮೇಲಿದ್ದವರು ಸುಮ್ಮನೆ ಅವನನ್ನೇ ನೋಡುತ್ತ ನಿಂತರು.

“ಯುದ್ಧ ನಿಂತುಹೋಯ್ತು ಸ್ವಾಮಿ,” ಎಂದರು ಇನ್ಸ್‌ಪೆಕ್ಟರು. “ನಿಮ್ಮಿಬ್ರದು ಮಾತ್ರ ಇವತ್ತಿಂದ ಶುರು. ಬನ್ನಿ, ಹತ್ತಿ.”

ಅನಂತರಾಮಯ್ಯನವರು ಪಾಷಾನ ಮುಖ ನೋಡಲಾರದೆ ನೆಲ ನೋಡಿದರು. ಅವನು ಬಯ್ದಿದ್ದರೆ ಚೆನ್ನಾಗಿತ್ತು. ಅವನು ಬಯ್ಯಲಿಲ್ಲ. ಇನ್ಸ್‌ಪೆಕ್ಟರ ಕೈಯಲ್ಲಿದ್ದ ಪತ್ರಿಕೆಯ ಕಡೆ ಕತ್ತು ಬಾಗಿಸಿ, ದಿನವೂ ಹುಡುಕುತ್ತಿದ್ದ ಕಣ್ಣಿನಿಂದ ಆ ದಪ್ಪಕ್ಷರವನ್ನು ನಿಧಾನವಾಗಿ ಓದಿದ.

“ಹೆಸರು ಚೆನ್ನಾಗಿ ಬಂದಿದೆ ಕಣೋ ಅನಂತು,” ಎಂದು ಹೇಳಿ, ಜೀಪಿನಲ್ಲಿ ಅವರಿಗೆ ಕೂರಲು ಜಾಗ ಬಿಟ್ಟು ಪಕ್ಕಕ್ಕೆ ಸರಿದ.